ಉಪನ್ಯಾಸಕರಿಗೆ ಪಾಠದ ವಿಡಿಯೋ ಮಾಡಲು ಕಲಿಸಬೇಕು, ಎರಡೇ ದಿನ ಇದೆ. ಎಲ್ಲಿಂದ ಶುರು ಮಾಡಲಿ?

ಅರ್ಥಶಾಸ್ತ್ರದ ಮೇಡಂ

ಎಲ್ಲರಿಗೂ ನಮಸ್ಕಾರ. ನಾನು ಒಂದು ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಉಪನ್ಯಾಸಕರು ತಮ್ಮ ಪಾಠದ ವಿಡಿಯೋಗಳನ್ನು ತಾವೇ ಮಾಡಿಕೊಳ್ಳುವುದು ಹೇಗೆ ಅಂತ ಕಲಿಸಲು ಮುಂದಿನ ತಿಂಗಳು ನಮ್ಮಲ್ಲಿ ಎರಡು ದಿನದ ಕಾರ್ಯಾಗಾರ ಇದೆ. 2020ರ ಲಾಕ್‌ಡೌನ್‌ನಲ್ಲಿ ನಾನು ಒಂದಷ್ಟು ವಿಡಿಯೋ ಮಾಡಿದ್ದೆ, ಅದಕ್ಕೇ ಪ್ರಿನ್ಸಿಪಾಲರು ಈ ಕೆಲಸ ನನಗೆ ಒಪ್ಪಿಸಿದ್ದಾರೆ.

22 ಜನ ಬರುತ್ತಾರೆ. ಅರ್ಧಕ್ಕಿಂತ ಜಾಸ್ತಿ ಅತಿಥಿ ಉಪನ್ಯಾಸಕರು. ಇಬ್ಬರು ಮೂವರ ಹತ್ತಿರ ಲ್ಯಾಪ್‌ಟಾಪ್ ಇದೆ, ಉಳಿದವರ ಹತ್ತಿರ ಫೋನ್ ಮಾತ್ರ. ಕಾಲೇಜಿನಲ್ಲಿ ಸ್ಟುಡಿಯೋ ಇಲ್ಲ, ಕ್ಯಾಮೆರಾ ಇಲ್ಲ, ಕರೆಂಟ್ ಯಾವಾಗ ಹೋಗುತ್ತೆ ಅಂತ ಹೇಳೋಕಾಗಲ್ಲ.

ನನಗಿರುವ ಭಯ ಒಂದೇ. ಕೆಲವು ವರ್ಷದ ಹಿಂದೆ ಇದೇ ವಿಷಯಕ್ಕೆ ಹೊರಗಿನಿಂದ ಒಬ್ಬರು ಬಂದಿದ್ದರು. ಬೆಳಿಗ್ಗೆಯಿಂದ ಸಂಜೆಯವರೆಗೆ ದೊಡ್ಡ ಎಡಿಟಿಂಗ್ ಸಾಫ್ಟ್‌ವೇರ್ ಒಂದನ್ನು ಪರದೆ ಮೇಲೆ ತೋರಿಸಿದರು, ನಾವೆಲ್ಲ ನೋಟ್ಸ್ ಬರೆದುಕೊಂಡೆವು, ಕೊನೆಗೆ ಸರ್ಟಿಫಿಕೇಟ್ ತಗೊಂಡು ಮನೆಗೆ ಹೋದೆವು. ಆಮೇಲೆ ನಮ್ಮ ಕಾಲೇಜಿನಿಂದ ಒಂದು ವಿಡಿಯೋನೂ ಬರಲಿಲ್ಲ. ಅದು ಮತ್ತೆ ಆಗಬಾರದು. ಯಾವ ಆಪ್ ಹೇಳಿಕೊಡಲಿ? ಕ್ಯಾಮೆರಾ ಕಂಡರೆ ಹಿಂದೆ ಸರಿಯುವವರನ್ನು ಹೇಗೆ ಕೂರಿಸಲಿ? ಮಾಡಿಸಿ ಅನುಭವ ಇರುವವರು ದಯವಿಟ್ಟು ಹೇಳಿ.

ಸೀಮೆಸುಣ್ಣ

ಮೇಡಂ, ನಾನು ಭೌತಶಾಸ್ತ್ರದವನು, ಇಂಥ ತರಬೇತಿ ಐದಾರು ಸಲ ಮಾಡಿಸಿದ್ದೇನೆ. ಆಪ್ ವಿಚಾರ ಎರಡನೇ ದಿನಕ್ಕೆ ಇಟ್ಟುಕೊಳ್ಳಿ. ಮೊದಲ ದಿನ ಮಧ್ಯಾಹ್ನ ಊಟಕ್ಕೆ ಏಳುವಷ್ಟರಲ್ಲಿ 22 ಜನರ ಫೋನಿನಲ್ಲೂ ಅವರವರೇ ಮಾಡಿದ ಮೂರು ನಿಮಿಷದ ವಿಡಿಯೋ ಒಂದೊಂದು ಇರಬೇಕು. ಚೆನ್ನಾಗಿಲ್ಲದಿದ್ದರೂ ಪರವಾಗಿಲ್ಲ. ಒಂದು ಸಲ ಮಾಡಿದವರು ಎರಡನೇದು ಮಾಡುತ್ತಾರೆ. ಬರೀ ನೋಡಿದವರು ಮಾಡಲ್ಲ, ನಿಮ್ಮ ಹಳೇ ಕಾರ್ಯಾಗಾರದಲ್ಲಿ ಆಗಿದ್ದು ಅದೇ.

ಯಾವುದರ ಮೇಲೆ ಮಾಡಿಸೋದು? "ನಿಮ್ಮ ಒಂದು ಪಾಠ ಆರಿಸಿಕೊಳ್ಳಿ" ಅಂದರೆ ಎಲ್ಲರೂ ಒಂದು ಗಂಟೆಯ ಪಾಠಕ್ಕೆ ಕೈ ಹಾಕುತ್ತಾರೆ. ಹಾಗೆ ಕೇಳಬೇಡಿ. "ಪ್ರತಿ ವರ್ಷ ಹುಡುಗರು ತಪ್ಪದೇ ಕೇಳುವ ಒಂದು ಡೌಟ್ ಚೀಟಿಯಲ್ಲಿ ಬರೀರಿ" ಅನ್ನಿ. ನಾನು ಇದನ್ನು ಕೇಳಿದಾಗಲೆಲ್ಲ ರೂಮಿನ ಮಾತೇ ಬದಲಾಗಿದೆ. ಅಲ್ಲಿಯವರೆಗೆ ಸುಮ್ನೆ ಕೂತಿದ್ದವರೂ ಮಾತಾಡೋಕೆ ಶುರು ಮಾಡುತ್ತಾರೆ, ಏಕೆಂದರೆ ಆ ಡೌಟ್ ಬಗ್ಗೆ ಅವರಿಗಿಂತ ಚೆನ್ನಾಗಿ ಗೊತ್ತಿರುವವರು ಅಲ್ಲಿ ಯಾರೂ ಇರಲ್ಲ. ನಿಮ್ಮ ವಿಷಯದಲ್ಲೇ ಒಂದು ಹೇಳ್ತೀನಿ, ನಮ್ಮ ಕಾಲೇಜಿನ ಅರ್ಥಶಾಸ್ತ್ರದವರು ಮಾಡಿದ್ದು. ಬೆಲೆ ಏರಿದರೆ ಬೇಡಿಕೆ ಇಳಿಯುತ್ತೆ ಅಂತ ಪಾಠ. ಗೌರಿ ಹಬ್ಬದಲ್ಲಿ ಸೇವಂತಿಗೆ ಬೆಲೆ ಏರಿದ್ದರೂ ಜನ ಮಾಮೂಲಿಗಿಂತ ಜಾಸ್ತಿ ಹೂ ಕೊಳ್ಳುತ್ತಾರಲ್ಲ, ಹಾಗಾದರೆ ನಿಯಮ ಸುಳ್ಳಾ ಅಂತ ಹುಡುಗಿ ಕೇಳಿದ್ದಳು. ಅವರು ಹಾಳೆ ಮೇಲೆ ಒಂದು ರೇಖೆ ಎಳೆದರು. ಬೆಲೆ ಬದಲಾದರೆ ಇದೇ ರೇಖೆಯ ಮೇಲೆ ಜಾರುತ್ತೀವಿ ಅಂತ ಬೆರಳು ಜಾರಿಸಿ ತೋರಿಸಿದರು. ಹಬ್ಬ ಬಂದರೆ ರೇಖೆಯೇ ಬಲಕ್ಕೆ ಸರಿಯುತ್ತೆ ಅಂತ ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಇನ್ನೊಂದು ರೇಖೆ ಎಳೆದರು. ಒಟ್ಟು 2 ನಿಮಿಷ 40 ಸೆಕೆಂಡ್. ಮುಖ ಎಲ್ಲೂ ಇಲ್ಲ, ಕೈ ಮತ್ತು ದನಿ ಅಷ್ಟೇ.

ನಿಮ್ಮ ಎರಡನೇ ಪ್ರಶ್ನೆಗೂ ಅದೇ ಉತ್ತರ. ಮೊದಲ ವಿಡಿಯೋದಲ್ಲಿ ಯಾರ ಮುಖವೂ ಬೇಡ. ಮೇಜಿನ ಮೇಲೆ ಎರಡು ಕಡೆ ದಪ್ಪ ಪುಸ್ತಕಗಳನ್ನು ಒಂದೂವರೆ ಅಡಿ ಎತ್ತರಕ್ಕೆ ಪೇರಿಸಿ, ಮೇಲೆ ಅಡ್ಡಲಾಗಿ ಒಂದು ಹಲಗೆ ಇಡಿ. ಹಲಗೆಯ ಅಂಚಿನಿಂದ ಹಿಂಬದಿಯ ಕ್ಯಾಮೆರಾ ಮಾತ್ರ ಕೆಳಗೆ ಇಣುಕುವ ಹಾಗೆ, ಪರದೆ ಮೇಲ್ಮುಖವಾಗಿ ಇರುವಂತೆ ಫೋನನ್ನು ಮಲಗಿಸಿ. ಕೆಳಗೆ ಹಾಳೆ. ಹಾಳೆಯನ್ನು ಟೇಪ್ ಹಾಕಿ ಅಂಟಿಸಿ, ಇಲ್ಲದಿದ್ದರೆ ಬರೆಯುವಾಗ ಜರುಗುತ್ತೆ. ಬಲಗೈಯಲ್ಲಿ ಬರೆಯುವವರಿಗೆ ಕಿಟಕಿ ಎಡಕ್ಕಿರಲಿ, ಆಗ ಕೈಯ ನೆರಳು ಅಕ್ಷರದ ಮೇಲೆ ಬೀಳಲ್ಲ. ಬಾಲ್‌ಪೆನ್ ಬೇಡ, ಸ್ಕೆಚ್ ಪೆನ್ ಇರಲಿ. ಇನ್ನೊಂದು ವಿಷಯ, ಕೈ ಒಳಗೆ ಬಂದು ಹೋದಾಗಲೆಲ್ಲ ಫೋನು ಬೆಳಕು, ಫೋಕಸ್ ಎರಡನ್ನೂ ಬದಲಾಯಿಸುತ್ತಾ ಇರುತ್ತೆ, ನೋಡುವವರ ಕಣ್ಣಿಗೆ ಹಿಂಸೆ. ಶುರು ಮಾಡುವ ಮೊದಲು ಪರದೆ ಮೇಲೆ ಹಾಳೆ ಕಾಣುವ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದರೆ ಬಹಳಷ್ಟು ಫೋನುಗಳಲ್ಲಿ ಅದು ಲಾಕ್ ಆಗುತ್ತೆ. ಏರೋಪ್ಲೇನ್ ಮೋಡ್ ಮರೀಬೇಡಿ.

ದನಿಗೆ ಚಿತ್ರಕ್ಕಿಂತ ಜಾಸ್ತಿ ಸಮಯ ಕೊಡಿ. ಚಿತ್ರ ಸ್ವಲ್ಪ ಮಂಕಾದರೂ ಹುಡುಗರು ನೋಡುತ್ತಾರೆ, ಮಾತು ಕೇಳಿಸದಿದ್ದರೆ ಮುಚ್ಚಿಬಿಡುತ್ತಾರೆ. ಖಾಲಿ ಕ್ಲಾಸ್‌ರೂಮಿನಲ್ಲಿ ಮಾತು ಗುಯ್‌ಗುಡುತ್ತೆ. ನಮಗೆ ಸಿಕ್ಕ ಒಳ್ಳೇ ಜಾಗ ಲೈಬ್ರರಿ, ಎರಡು ಕಪಾಟಿನ ಸಾಲಿನ ನಡುವೆ. ಪುಸ್ತಕಗಳು ಪ್ರತಿಧ್ವನಿಯನ್ನು ನುಂಗಿಬಿಡುತ್ತವೆ. ಫ್ಯಾನ್ ಆಫ್ ಮಾಡಿ, ವೈರ್ ಇರುವ ಇಯರ್‌ಫೋನಿನ ಮೈಕನ್ನು ಬಾಯಿಂದ ಒಂದು ಗೇಣು ದೂರದಲ್ಲಿ ಅಂಗಿಗೆ ಅಥವಾ ಸೆರಗಿಗೆ ಪಿನ್ ಮಾಡಿ. ಕೆಲವು ಫೋನಿನ ಕ್ಯಾಮೆರಾ ಆಪ್ ಇಯರ್‌ಫೋನ್ ಮೈಕನ್ನು ತಗೊಳ್ಳಲ್ಲ, ಅದಕ್ಕೇ ಮೊದಲು 20 ಸೆಕೆಂಡ್ ರೆಕಾರ್ಡ್ ಮಾಡಿ ಕೇಳಿ ನೋಡಲಿ. ತಗೊಳ್ಳದಿದ್ದರೆ ಫೋನಿನ ಹತ್ತಿರ ಬಾಗಿ ಮಾತಾಡಿದರೂ ಆಗುತ್ತೆ.

ತಮ್ಮ ದನಿ ತಾವೇ ಕೇಳಿಸಿಕೊಂಡಾಗ ಬಹಳ ಜನ ಕುಗ್ಗಿಹೋಗುತ್ತಾರೆ. "ನನ್ನ ದನಿ ಇಷ್ಟು ತೆಳ್ಳಗಿದೆಯಾ?" ಅಂತಾರೆ. 20 ವರ್ಷ ಪಾಠ ಮಾಡಿದವರೂ ಹೀಗೇ ಹೇಳಿದ್ದನ್ನು ಕೇಳಿದ್ದೇನೆ. ನಮ್ಮ ಮಾತು ನಮಗೆ ಗಾಳಿಯ ಮೂಲಕ ಮಾತ್ರ ಕೇಳಿಸಲ್ಲ, ತಲೆಯ ಮೂಳೆಯ ಮೂಲಕವೂ ಕೇಳಿಸುತ್ತೆ. ಅದರಿಂದ ದನಿ ಗಡುಸಾಗಿ ಕೇಳುತ್ತೆ. ರೆಕಾರ್ಡಿಂಗ್‌ನಲ್ಲಿ ಆ ಭಾಗ ಇರಲ್ಲ. ಆದರೆ ನಿಮ್ಮ ವಿದ್ಯಾರ್ಥಿಗಳು ದಿನಾ ಕೇಳುವ ದನಿ ಆ ರೆಕಾರ್ಡಿಂಗ್‌ನದ್ದೇ, ಅವರಿಗೆ ಅದರಲ್ಲಿ ಹೊಸದೇನೂ ಇಲ್ಲ. ಇಷ್ಟು ಹೇಳಿ, ಅಕ್ಕಪಕ್ಕದವರು ಫೋನ್ ಬದಲಾಯಿಸಿಕೊಂಡು ಒಬ್ಬರದನ್ನೊಬ್ಬರು ಕೇಳಲಿ. "ಚೆನ್ನಾಗೇ ಇದೆಯಲ್ಲ" ಅಂತ ಪಕ್ಕದವರು ಹೇಳಿದ ಮೇಲೆ ಧೈರ್ಯ ಬರುತ್ತೆ.

ಹಳಗನ್ನಡ ಪ್ರಿಯ

ನಾನು ಕನ್ನಡ ಪಾಠ ಮಾಡಿ ನಿವೃತ್ತಿಗೆ ಹತ್ತಿರ ಇರುವವನು. ಮೇಲಿನವರು ಹೇಳಿದ ರೀತಿಯಲ್ಲೇ ನಾನೂ ಕಲಿತದ್ದು. ನಿಮ್ಮ ಭಾಷಾ ವಿಭಾಗದವರು "ನಮಗೆ ತೋರಿಸೋಕೆ ಏನಿದೆ, ಗ್ರಾಫಾ, ಪ್ರಯೋಗವಾ?" ಅಂತ ಕೇಳಿದರೆ ಹೀಗೆ ಹೇಳಿ. ಹಳಗನ್ನಡ ಪದ್ಯ ಒಂದನ್ನು ದಪ್ಪ ಅಕ್ಷರದಲ್ಲಿ ಹಾಳೆ ಮೇಲೆ ಬರೆದಿಟ್ಟುಕೊಳ್ಳಿ. ಮೊದಲು ಇದ್ದ ಹಾಗೇ ಓದಿ. ಆಮೇಲೆ ಪೆನ್ಸಿಲ್‌ನಲ್ಲಿ ಸಂಧಿ ಬಿಡಿಸುತ್ತಾ ಪದಗಳ ನಡುವೆ ಒಂದೊಂದೇ ಗೆರೆ ಎಳೆಯುತ್ತಾ ನಿಧಾನವಾಗಿ ಓದಿ. ಮೂರನೇ ಸಲ ಅರ್ಥ ತಿಳಿದು ಓದುವ ಹಾಗೆ ಓದಿ. ಹುಡುಗರು ಎಡವುವುದು ಪದ ಎಲ್ಲಿ ಮುಗಿಯುತ್ತೆ, ಎಲ್ಲಿ ಶುರುವಾಗುತ್ತೆ ಅನ್ನುವ ಜಾಗದಲ್ಲೇ. ಕ್ಲಾಸಿನಲ್ಲಿ ಒಂದು ಸಲ ಓದಿದ್ದು ಕಿವಿಯಿಂದ ಜಾರಿಹೋಗುತ್ತೆ. ವಿಡಿಯೋದಲ್ಲಿ ಹಿಂದೆ ಹೋಗಿ ಮತ್ತೆ ಕೇಳಬಹುದು. ಒಬ್ಬ ಹುಡುಗ ಒಂದೇ ಪದ್ಯ ಹನ್ನೊಂದು ಸಲ ಕೇಳಿದೆ ಸಾರ್ ಅಂದ. ನನಗೆ ಕಣ್ಣು ತುಂಬಿ ಬಂತು.

ಒಂದು ಎಚ್ಚರಿಕೆ. ನಮ್ಮಲ್ಲಿ ಬಹಳ ಜನರ ಸ್ಲೈಡುಗಳು ಹಳೇ ನುಡಿ ಫಾಂಟ್‌ನಲ್ಲಿವೆ. ಬೇರೆ ಕಂಪ್ಯೂಟರ್‌ನಲ್ಲಿ, ಫೋನಿನಲ್ಲಿ ತೆರೆದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತೆ. ಕಾರ್ಯಾಗಾರದ ಹಿಂದಿನ ದಿನವೇ ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಾಯಿಸಿಕೊಂಡು ಬರಲು ಹೇಳಿ. ಆ ದಿನ ಕೂತು ಸರಿಮಾಡಲು ಹೋದರೆ ಅರ್ಧ ದಿನ ಅದರಲ್ಲೇ ಕಳೆದುಹೋಗುತ್ತೆ.

ಬಿಎ ಫೈನಲ್ ಇಯರ್

ನಾನು ವಿದ್ಯಾರ್ಥಿ. ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ, ಆದರೆ ನೋಡುವವರ ಕಡೆಯಿಂದ ಒಂದೆರಡು ಮಾತು ಹೇಳಲೇಬೇಕು.

ನಾನು ದಿನಾ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಕೂರುತ್ತೇನೆ, ವಿಡಿಯೋ ನೋಡೋದು ಆಗಲೇ. ಸ್ಲೈಡಿನಲ್ಲಿ ಇಪ್ಪತ್ತು ಸಾಲು ಇದ್ದರೆ ನನ್ನ ಫೋನಿನಲ್ಲಿ ಏನೂ ಕಾಣಲ್ಲ. ಅದನ್ನೇ ಮೇಷ್ಟ್ರು ಓದುತ್ತಾ ಹೋದರೆ ನಾನು ವಿಡಿಯೋ ನಿಲ್ಲಿಸಿ ಪುಸ್ತಕ ತೆಗೀತೀನಿ. ಆಮೇಲೆ ಹೆಸರು. "ಸೆಮ್ 4 ಯೂನಿಟ್ 2 ಕ್ಲಾಸ್ 7" ಅಂತ ಇರುತ್ತೆ. ಪರೀಕ್ಷೆ ಹಿಂದಿನ ರಾತ್ರಿ ಅದರಲ್ಲಿ ನನಗೆ ಬೇಕಾದ್ದು ಎಲ್ಲಿದೆ ಅಂತ ಹೇಗೆ ಹುಡುಕಲಿ? ಡೌಟನ್ನೇ ಹೆಸರಾಗಿ ಇಡಿ. "ಹಬ್ಬದಲ್ಲಿ ಹೂವಿನ ಬೆಲೆ ಏರಿದರೂ ಜನ ಯಾಕೆ ಕೊಳ್ಳುತ್ತಾರೆ?" ಅಂತಿದ್ದರೆ ನಾನು ಖಂಡಿತ ತೆರೀತೀನಿ. ಮೊದಲ ಎರಡು ನಿಮಿಷ ಕಾಲೇಜಿನ ಲಾಂಛನ, ಸಂಗೀತ, ಸ್ವಾಗತ ಬೇಡ. ನಮ್ಮ ಡೇಟಾ ಅದಕ್ಕೇ ಹೋಗುತ್ತೆ.

ತಂತ್ರಾಂಶದ ಕೆಲಸ

ಲ್ಯಾಪ್‌ಟಾಪ್ ಇರುವ ಆ ಇಬ್ಬರು ಮೂವರಿಗೆ ನನ್ನ ಮಾತು. ಸ್ಕ್ರೀನ್ ರೆಕಾರ್ಡ್ ಮಾಡಲು ಒಬಿಎಸ್ ಸ್ಟುಡಿಯೋ ಸಾಕು, ಉಚಿತ. ಕರೆಂಟ್ ಸಮಸ್ಯೆ ಅಂದಿರಿ, ಹಾಗಾದರೆ ಫೈಲನ್ನು ಎಂಪಿ4 ಬದಲು ಎಂಕೆವಿ ಮಾದರಿಯಲ್ಲಿ ಉಳಿಸಲು ಹೇಳಿಕೊಡಿ. ಮಾಮೂಲಿ ಎಂಪಿ4 ಆದರೆ ಮಧ್ಯದಲ್ಲಿ ಮಷೀನ್ ಆಫ್ ಆದಾಗ ಇಡೀ ಫೈಲ್ ಕೆಡುತ್ತೆ. ಎಂಕೆವಿ ಆದರೆ ಅಲ್ಲಿಯವರೆಗಿನದು ಉಳಿಯುತ್ತೆ, ಆಮೇಲೆ ಒಬಿಎಸ್‌ನಲ್ಲೇ ಎಂಪಿ4 ಮಾಡಿಕೊಳ್ಳಬಹುದು. ಫೈಲ್ ದೊಡ್ಡದಾದರೆ ಹ್ಯಾಂಡ್‌ಬ್ರೇಕ್ ಅನ್ನುವ ತಂತ್ರಾಂಶದಲ್ಲಿ ಅದರ ಗಾತ್ರ ಇಳಿಸಿ. ಸೆಕೆಂಡಿಗೆ 1 ಮೆಗಾಬಿಟ್ ಲೆಕ್ಕದಲ್ಲಿ ಇಟ್ಟರೆ 10 ನಿಮಿಷದ ವಿಡಿಯೋ 75 ಎಂಬಿ ಆಸುಪಾಸು ಬರುತ್ತೆ. ಬರೀ ಹಾಳೆ, ಸ್ಲೈಡು ಇರುವ ಪಾಠಕ್ಕೆ ಅಷ್ಟು ಧಾರಾಳ.

ಮಾತು ಬರೆದಿಟ್ಟುಕೊಳ್ಳುವ ವಿಧಾನಕ್ಕೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ನೋಡಿ. ಅವರದು 10 ನಿಮಿಷದ ಆಸುಪಾಸಿನ ಪಾಠಗಳು, ಕನ್ನಡದಲ್ಲೂ ಇವೆ. ಅವರು ಮೊದಲು ಎರಡು ಕಾಲಮ್ ಹಾಕಿ ಬರೆಯುತ್ತಾರೆ. ಒಂದರಲ್ಲಿ ಪರದೆ ಮೇಲೆ ಏನು ಕಾಣಬೇಕು, ಇನ್ನೊಂದರಲ್ಲಿ ಆಗ ಏನು ಹೇಳಬೇಕು. ಮೂರು ನಿಮಿಷದ ವಿಡಿಯೋಗೆ ಒಂದು ಪುಟ ಸಾಕು. ಎಷ್ಟು ಉದ್ದ ಇರಬೇಕು ಅಂತ ಯಾರಾದರೂ ವಾದ ಮಾಡಿದರೆ 2014ರಲ್ಲಿ ಫಿಲಿಪ್ ಗುವೋ ಮತ್ತು ಜೊತೆಗಾರರು ಮಾಡಿದ ಅಧ್ಯಯನ ತೋರಿಸಿ. ಎಡ್‌ಎಕ್ಸ್ ಅನ್ನುವ ಆನ್‌ಲೈನ್ ಕಲಿಕಾ ತಾಣದ ನಾಲ್ಕು ಕೋರ್ಸುಗಳಲ್ಲಿ 69 ಲಕ್ಷ ಸಲ ವಿಡಿಯೋ ನೋಡಿದ ದಾಖಲೆ ತೆಗೆದು ನೋಡಿದರು. ವಿಡಿಯೋ ಎಷ್ಟೇ ಉದ್ದ ಇರಲಿ, ಸಾಮಾನ್ಯವಾಗಿ ನೋಡುಗರು ಅದರಲ್ಲಿ ಕಳೆಯುತ್ತಿದ್ದದ್ದು ಹೆಚ್ಚೆಂದರೆ 6 ನಿಮಿಷ. ಬರೆಯುತ್ತಾ ವಿವರಿಸುವ ವಿಡಿಯೋಗಳನ್ನು ಬರೀ ಸ್ಲೈಡಿಗಿಂತ ಜಾಸ್ತಿ ಹೊತ್ತು ನೋಡಿದರು ಅಂತಲೂ ಅದರಲ್ಲೇ ಇದೆ. ನಿಮ್ಮ ಪುಸ್ತಕದ ರಾಶಿ, ಹಲಗೆ, ಸ್ಕೆಚ್ ಪೆನ್ನು ಅದಕ್ಕೇ ಹೇಳಿ ಮಾಡಿಸಿದ ಹಾಗಿದೆ.

ಅತಿಥಿ

ಎಲ್ಲರೂ ಹೇಗೆ ಮಾಡೋದು ಅಂತ ಹೇಳಿದಿರಿ. ನಾನು ಅತಿಥಿ ಉಪನ್ಯಾಸಕಿ, ನಮ್ಮಲ್ಲಿ ಇಂಥ ಕಾರ್ಯಾಗಾರ ನಡೆದಾಗ ಯಾರೂ ಬಾಯಿಬಿಟ್ಟು ಕೇಳದ ಎರಡು ಪ್ರಶ್ನೆ ಇದ್ದವು, ಅವನ್ನು ಇಲ್ಲಿ ಹೇಳುತ್ತೇನೆ.

ಒಂದು, ಈ ವರ್ಷ ನನ್ನ ಪಾಠವನ್ನೆಲ್ಲ ರೆಕಾರ್ಡ್ ಮಾಡಿ ಕೊಟ್ಟರೆ ಮುಂದಿನ ವರ್ಷ ನನ್ನನ್ನು ಕರೀತಾರಾ? ವಿಡಿಯೋ ಇದೆಯಲ್ಲ ಅಂದುಬಿಟ್ಟರೆ? ಇದು ಹೊಟ್ಟೆಪಾಡಿನ ಪ್ರಶ್ನೆ. ಎರಡು, ನಾನು ಮಾಡಿದ ವಿಡಿಯೋವನ್ನು ನನ್ನನ್ನು ಕೇಳದೆ ಎಲ್ಲರಿಗೂ ಕಾಣುವ ಹಾಗೆ ಯೂಟ್ಯೂಬ್‌ಗೆ ಹಾಕಿದರು. ಕೆಳಗೆ ಬಂದ ಕಾಮೆಂಟುಗಳಲ್ಲಿ ಪಾಠದ ಬಗ್ಗೆ ಒಂದೂ ಇರಲಿಲ್ಲ. ಎಲ್ಲ ನನ್ನ ಸೀರೆ, ನನ್ನ ಮುಖದ ಬಗ್ಗೆ. ಅಳಿಸಿ ಅಂತ ಕೇಳಿಕೊಂಡೆ, ಅಳಿಸಲು ಎರಡು ವಾರ ತಗೊಂಡರು. ಆಮೇಲೆ ನಾನು ವಿಡಿಯೋ ಮಾಡಲಿಲ್ಲ. ಕ್ಯಾಮೆರಾ ಮುಂದೆ ಹೇಗೆ ಮಾತಾಡಬೇಕು ಅಂತ ನನಗೆ ಗೊತ್ತು, ಹಿಂದೆ ಸರಿದದ್ದು ಭಯದಿಂದಲ್ಲ.

ಹಾಗಾಗಿ ಮೇಡಂ, ಮೊದಲ ಅರ್ಧ ಗಂಟೆ ಇದಕ್ಕೆ ಇಡಿ. ವಿಡಿಯೋ ಯಾರದ್ದು, ಎಲ್ಲಿ ಇರುತ್ತೆ, ತೆಗೆಯಿರಿ ಅಂದರೆ ಯಾರು ಎಷ್ಟು ದಿನದಲ್ಲಿ ತೆಗೆಯುತ್ತಾರೆ ಅಂತ ಪ್ರಿನ್ಸಿಪಾಲರು ಬಂದು ಅವರ ಬಾಯಿಂದ ಹೇಳಲಿ. ಲಿಂಕ್ ಇದ್ದವರಿಗೆ ಮಾತ್ರ ತೆರೆಯುವ ಅನ್‌ಲಿಸ್ಟೆಡ್ ಆಯ್ಕೆ ಇದೆ, ಕಾಮೆಂಟ್ ಮುಚ್ಚುವ ಆಯ್ಕೆಯೂ ಇದೆ. ಅನ್‌ಲಿಸ್ಟೆಡ್ ಆದರೂ ಲಿಂಕ್ ಕೈ ಬದಲಾಗಬಹುದು, ಅದನ್ನೂ ಮುಚ್ಚಿಡದೆ ಹೇಳಿ. ಡೌಟಿನ ಮೇಲೆ ಮೂರು ನಿಮಿಷದ ವಿಡಿಯೋ ಅನ್ನುವುದು ನನಗೆ ಇಷ್ಟ ಆಯಿತು. ಅದು ಕ್ಲಾಸಿನ ಜೊತೆಗೆ ಬೇಕಾಗುವ ವಸ್ತು, ಅದನ್ನು ತೋರಿಸಿ ಯಾರನ್ನೂ ಕೆಲಸದಿಂದ ತೆಗೆಯೋಕಾಗಲ್ಲ.

ಅರ್ಥಶಾಸ್ತ್ರದ ಮೇಡಂ

ಎಲ್ಲರ ಉತ್ತರ ಎರಡೆರಡು ಸಲ ಓದಿದೆ. ಅತಿಥಿ ಅವರೇ, ನೀವು ಬರೆದದ್ದು ಓದಿ ನಿನ್ನೆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ನಮ್ಮ ಸ್ಟಾಫ್‌ರೂಮಿನಲ್ಲಿ ಸುಮ್ಮನೆ ಇರುವವರಿಗೆ ಕ್ಯಾಮೆರಾ ಭಯ ಅಂತಲೇ ನಾನು ಅಂದುಕೊಂಡಿದ್ದೆ. ಇವತ್ತು ಪ್ರಿನ್ಸಿಪಾಲರ ಹತ್ತಿರ ಹೋಗಿ ಕೂತು ಮಾತಾಡಿದೆ. ಮೊದಲ ಅರ್ಧ ಗಂಟೆ ಅವರೇ ಬರುತ್ತಾರೆ. ಒಪ್ಪಿಗೆ ಇಲ್ಲದೆ ಯಾರ ವಿಡಿಯೋವನ್ನೂ ಹಾಕಲ್ಲ, ಕೇಳಿದರೆ ಮೂರು ದಿನದಲ್ಲಿ ತೆಗೆಯುತ್ತೇವೆ ಅಂತ ಒಂದು ಪುಟ ಬರೆದು ಸಹಿ ಹಾಕಿ ಕೊಡಲು ಒಪ್ಪಿದ್ದಾರೆ. ಮುಂದಿನ ವರ್ಷದ ನೇಮಕದ ಬಗ್ಗೆ ನಾನು ಮಾತು ಕೊಡಲಾರೆ ಅಂದರು. ಅದನ್ನೂ ಆ ದಿನ ಎಲ್ಲರ ಮುಂದೆ ಹಾಗೇ ಹೇಳಿ ಅಂತ ಕೇಳಿಕೊಂಡಿದ್ದೇನೆ.

ಮಧ್ಯಾಹ್ನ ಲೈಬ್ರರಿಯಲ್ಲಿ ಕಪಾಟುಗಳ ನಡುವೆ ಪುಸ್ತಕ ಪೇರಿಸಿ, ಡ್ರಾಯಿಂಗ್ ಬೋರ್ಡ್ ಅಡ್ಡ ಇಟ್ಟು ಒಂದು ವಿಡಿಯೋ ಮಾಡಿ ನೋಡಿದೆ. ದನಿ ಎಷ್ಟು ಚೆನ್ನಾಗಿ ಬಂದಿದೆ ಅಂದರೆ ನನಗೇ ನಂಬೋಕಾಗಲಿಲ್ಲ. ಆದರೆ ನಾನು ಎಡಗೈಯಲ್ಲಿ ಬರೆಯುವವಳು, ಕಿಟಕಿ ಎಡಕ್ಕಿದ್ದರೆ ನೆರಳು ಪೂರ್ತಿ ಅಕ್ಷರದ ಮೇಲೇ ಬೀಳುತ್ತೆ. ಮೇಜು ತಿರುಗಿಸಿದೆ, ಸರಿಹೋಯಿತು. 22 ಜನರಿಗೆ ನಾಲ್ಕು ಮೇಜು ಸಾಕಾಗುತ್ತಾ ಅಂತ ಸೀಮೆಸುಣ್ಣ ಅವರು ಹೇಳಿದರೆ ಉಪಕಾರ ಆಗುತ್ತೆ.

ಸೀಮೆಸುಣ್ಣ

ನಾಲ್ಕು ಸಾಲದು, ಆರು ಮಾಡಿಕೊಳ್ಳಿ. ಒಬ್ಬೊಬ್ಬರಿಗೆ ಹೊಂದಿಸಿಕೊಳ್ಳುವುದೂ ಸೇರಿ 20 ನಿಮಿಷ ಹಿಡಿಯುತ್ತೆ. ಒಂದು ಮೇಜಿಗೆ ನಾಲ್ಕು ಜನ ಆದರೆ ಒಬ್ಬರು ರೆಕಾರ್ಡ್ ಮಾಡುವಾಗ ಉಳಿದವರು ಹೊರಗೆ ಕೂತು ತಮ್ಮ ಒಂದು ಪುಟ ಬರೆಯುತ್ತಾರೆ. ಪಕ್ಕಪಕ್ಕದ ಮೇಜುಗಳ ನಡುವೆ ಕನಿಷ್ಠ ಎರಡು ಕಪಾಟಾದರೂ ಇರಲಿ, ಇಲ್ಲದಿದ್ದರೆ ಒಬ್ಬರ ಪಾಠ ಇನ್ನೊಬ್ಬರ ವಿಡಿಯೋದಲ್ಲಿ ಕೇಳಿಸುತ್ತೆ. ಎಡಗೈಯವರಿಗೆ ಒಂದು ಮೇಜು ಬೇರೆ ತಿರುಗಿಸಿಟ್ಟಿರಿ. ಲೈಬ್ರರಿಯವರಿಗೆ ಇವತ್ತೇ ಹೇಳಿಬಿಡಿ, ಆ ಎರಡು ಗಂಟೆ ಫ್ಯಾನ್ ಹಾಕಬಾರದು ಅಂತ.