ಬಾದಾಮಿ–ಹಂಪಿ ನಾಲ್ಕು ದಿನ: ಮಂಡಿನೋವಿನ ಅಮ್ಮ, ಬೆಟ್ಟ ಹತ್ತುವ ಮಕ್ಕಳು

ಕೇಳಿದ್ದು: ಡಿಸೆಂಬರ್ ಎರಡನೇ ವಾರ ಶುಕ್ರವಾರ ಬೆಳಿಗ್ಗೆ ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಬಾದಾಮಿಗೆ ಇಳಿಯುತ್ತೇವೆ. ಸೋಮವಾರ ರಾತ್ರಿ ಹೊಸಪೇಟೆಯಿಂದ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ವಾಪಸ್. ಒಟ್ಟು ಆರು ಜನ. ಅಮ್ಮನಿಗೆ ಮಂಡಿನೋವು. 9 ಮತ್ತು 13 ವರ್ಷದ ಮಕ್ಕಳಿಗೆ ಬೆಟ್ಟ ಹತ್ತುವ ಆಸೆ. ಈಗಿನ ಲೆಕ್ಕ: ಶುಕ್ರವಾರ ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರೂ, ಶನಿವಾರ, ಭಾನುವಾರ ಹಂಪಿ, ಸೋಮವಾರ ಆನೆಗೊಂದಿ. ಸರಿಯಾಗಿದೆಯೇ?

ಬಾದಾಮಿ ಕಡೆಯಿಂದ: ಮೂರೂ ಊರು ಒಂದ ದಿನದಾಗ ಆಗೂದಿಲ್ರೀ. ಸ್ಟೇಶನ್ನಿಂದ ಬಾದಾಮಿ ಊರ ಐದು ಕಿಲೋಮೀಟರ್. ರೂಮ್ ಸೇರಿ, ಜಳಕಾ ಮಾಡಿ, ನಾಷ್ಟಾ ಮುಗಸೂದ್ರಾಗ ಹತ್ತು ಹೊಡೀತದ. ಅಲ್ಲಿಂದ ಪಟ್ಟದಕಲ್ಲ 22 ಕಿಲೋಮೀಟರ್, ಐಹೊಳಿ ಇನ್ನೂ ಮುಂದ. ಡಿಸೆಂಬರದಾಗ ಆರರ ಒಳಗ ಹೊತ್ತು ಮುಳಗತದ. ಬಾದಾಮ್ಯಾಗ ಎರಡು ರಾತ್ರಿ ಇರ್ರಿ, ಶುಕ್ರವಾರ ಪೂರಾ ಬಾದಾಮಿಗೇ ಕೊಡ್ರಿ.

ಗುಹಾ ದಕ್ಷಿಣದ ಗುಡ್ಡದಾಗ ಅದಾವ, ಬಾಯಿ ಉತ್ತರಕ್ಕ. ಹಂಗಾಗಿ ಚಳಿಗಾಲದಾಗ ನಡು ಮಧ್ಯಾಹ್ನನೂ ನೆರಳು. ಅಮ್ಮಾರು ಒಂದನೇ ಗುಹಾಕ್ಕ ಸಾವಕಾಶ ಹತ್ತಬಹುದು, ಮೆಟ್ಟಲ ಕಡಿಮಿ. ಹದಿನೆಂಟು ಕೈಯ ನಟರಾಜ ಅಲ್ಲೇ ಇದ್ದಾನ, ಹೊರಗಿನ ಬಂಡಿ ಮ್ಯಾಲ. ದೊಡ್ಡ ಗುಹಾ ಅಂದ್ರ ಮೂರನೇದು. ಮಂಗಳೇಶನ 578ರ ಶಾಸನ ಇರೋದೂ ಅಲ್ಲೇ, ಆದ್ರ ಮೆಟ್ಟಲ ಎತ್ತರ ಅದಾವ.

ಗದಗದಿಂದ: ನೆರಳಿನ ಮಾತು ನಿಜ, ಆದರೆ ಡಿಸೆಂಬರ್ ಎಂದರೆ ಶಾಲಾ ಪ್ರವಾಸದ ಕಾಲ. ಹನ್ನೊಂದರಿಂದ ಎರಡರವರೆಗೆ ಗುಹೆಯ ಮೆಟ್ಟಿಲ ಮೇಲೆ ಮಕ್ಕಳ ಸಾಲು ನಿಲ್ಲುವುದಿಲ್ಲ, ಮಂಡಿನೋವಿನವರಿಗೆ ಬದಿಗೆ ಸರಿದು ನಿಲ್ಲಲೂ ಜಾಗವಿರುವುದಿಲ್ಲ. ಗುಹೆಯನ್ನು ಮೂರರ ಮೇಲೆ ಇಟ್ಟುಕೊಳ್ಳಿ.

ಹತ್ತು ಗಂಟೆಗೆ ಮಕ್ಕಳೊಂದಿಗೆ ಉತ್ತರದ ಕೋಟೆ ಹತ್ತಿ. ದಾರಿ ಪುರಾತತ್ವ ವಸ್ತುಸಂಗ್ರಹಾಲಯದ ಪಕ್ಕದಿಂದ ಹೊರಡುತ್ತದೆ. ಶುಕ್ರವಾರ ಸಂಗ್ರಹಾಲಯಕ್ಕೆ ರಜೆ. ಐಹೊಳೆ, ಕಮಲಾಪುರದಲ್ಲೂ ಹಾಗೆಯೇ. ಕೋಟೆಯ ದಾರಿಗೆ ಆ ರಜೆಯಿಲ್ಲ. ಎರಡು ಬಂಡೆಗಳ ನಡುವಿನ ಕಿರಿದಾದ ಸೀಳಿನಲ್ಲಿ ಮೆಟ್ಟಿಲು ಏರುತ್ತವೆ. ಮೊದಲು ಕೆಳಗಿನ ಶಿವಾಲಯ, ಆಮೇಲೆ ಕಾವಲು ಬುರುಜು, ಕಣಜ, ತುದಿಯಲ್ಲಿ ಮೇಲಿನ ಶಿವಾಲಯ. ಹೋಗಿ ಬರಲು ಎರಡು ಗಂಟೆ ಸಾಕು. ಮೇಲೆ ಅಂಚಿಗೆ ಎಲ್ಲ ಕಡೆ ತಡೆಗೋಡೆ ಇಲ್ಲ, 9 ವರ್ಷದವರ ಕೈ ಬಿಡಬೇಡಿ.

ಅಷ್ಟು ಹೊತ್ತು ಅಪ್ಪ ಅಮ್ಮ ಅಗಸ್ತ್ಯ ತೀರ್ಥದ ದಂಡೆಯಲ್ಲೇ ಭೂತನಾಥ ಗುಡಿಯವರೆಗೆ ನಡೆಯಬಹುದು, ದಾರಿ ಸಮತಟ್ಟು. ಸಂಜೆ ಐದಕ್ಕೆ ಎಲ್ಲರೂ ಮತ್ತೆ ಅಲ್ಲಿಗೇ ಬನ್ನಿ. ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ, ಇಳಿಬಿಸಿಲಿಗೆ ಮರಳುಗಲ್ಲು ಕೆಂಪೇರುತ್ತದೆ. ಇದನ್ನು ತಪ್ಪಿಸಿಕೊಂಡರೆ ಬಾದಾಮಿ ಅರ್ಧವೇ ನೋಡಿದಂತೆ.

ಕೋತಿಗಳು ನೋಡುವುದು ಕೈಯನ್ನು. ಪ್ಲಾಸ್ಟಿಕ್ ಚೀಲ, ಬಿಸ್ಕತ್ ಪೊಟ್ಟಣ, ಬಣ್ಣದ ಪಾನೀಯದ ಬಾಟಲಿ ಕಂಡರೆ ಕಿತ್ತುಕೊಳ್ಳುತ್ತವೆ. ಎಲ್ಲವೂ ಜಿಪ್ ಹಾಕಿದ ಬೆನ್ನುಚೀಲದೊಳಗಿರಲಿ. ಕಿತ್ತುಕೊಂಡರೆ ಬಿಟ್ಟುಬಿಡಿ, ಎಳೆದಾಡಿದರೆ ಕಚ್ಚುತ್ತವೆ.

ಇಳಕಲ್ಲಿನಿಂದ: ಶನಿವಾರ ಆರೂವರೆಗೆ ಕಾರು ಹೊರಡಲಿ, ಮೊದಲು ಪಟ್ಟದಕಲ್ಲು. ವಿರೂಪಾಕ್ಷ, ಮಲ್ಲಿಕಾರ್ಜುನ ಎರಡೂ ಪೂರ್ವಾಭಿಮುಖ, ಬೆಳಗಿನ ಬಿಸಿಲು ನೇರವಾಗಿ ಒಳಗೆ ಬೀಳುತ್ತದೆ. ಎಂಟಕ್ಕೆ ಮೊದಲು ಕಂಬದ ಉಬ್ಬುಶಿಲ್ಪ ಕಂಡಷ್ಟು ಸ್ಪಷ್ಟವಾಗಿ ಮಧ್ಯಾಹ್ನ ಕಾಣುವುದಿಲ್ಲ. ಗುಡಿಗಳೆಲ್ಲ ಒಂದೇ ಹುಲ್ಲುಹಾಸಿನಲ್ಲಿವೆ, ಅಮ್ಮನಿಗೆ ಇಡೀ ಪ್ರವಾಸದಲ್ಲಿ ಅತಿ ಸುಲಭದ ಜಾಗ ಇದು. ವಿರೂಪಾಕ್ಷದಲ್ಲಿ ಪೂಜೆ ನಡೆಯುತ್ತದೆ, ಚಪ್ಪಲಿ ಬಿಡಬೇಕು. ಒಂದು ಜೊತೆ ದಪ್ಪ ಕಾಲುಚೀಲ ಇದ್ದರೆ ಕಾದ ಕಲ್ಲಿನ ಮೇಲೆ ಅಂಗಾಲು ಸುಡುವುದಿಲ್ಲ.

ಹತ್ತರ ಹೊತ್ತಿಗೆ ಐಹೊಳೆ. ದುರ್ಗ ಗುಡಿಯ ಆವರಣ ಮತ್ತು ಸಂಗ್ರಹಾಲಯ ಅಪ್ಪ ಅಮ್ಮನಿಗೆ, ಮೇಗುಟಿ ಗುಡ್ಡ ಮಕ್ಕಳಿಗೆ. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದನ್ನು ಹೇಳುವ ರವಿಕೀರ್ತಿಯ 634ರ ಶಾಸನ ಆ ಗುಡ್ಡದ ಮೇಲಿನ ಜೈನ ಗುಡಿಯ ಗೋಡೆಯಲ್ಲೇ ಇದೆ. ಪಾಠಪುಸ್ತಕದಲ್ಲಿ ಓದಿದ್ದನ್ನು 13 ವರ್ಷದವರು ಕಣ್ಣಾರೆ ನೋಡಲಿ. ಎಲ್ಲರೂ ಬಿಟ್ಟುಹೋಗುವ ರಾವಣಫಡಿಯನ್ನು ನೀವು ಬಿಡಬೇಡಿ.

ಐಹೊಳೆಯಲ್ಲಿ ಊಟದ ಅನುಕೂಲ ಕಡಿಮೆ. ಬನಶಂಕರಿಗೆ ವಾಪಸ್ ಬನ್ನಿ. ಗುಡಿಯ ಬಳಿ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಚಟ್ನಿಪುಡಿ, ಗಡಿಗೆ ಮೊಸರು ತಂದು ಮಾರುತ್ತಾರೆ. ಪ್ರವಾಸ ಬನದ ಹುಣ್ಣಿಮೆಯ ಆಸುಪಾಸಿಗೆ ಮುಂದೆ ಹೋಗದಂತೆ ನೋಡಿಕೊಳ್ಳಿ. ಬನಶಂಕರಿ ಜಾತ್ರೆಯಲ್ಲಿ ರಸ್ತೆಯೂ ತುಂಬುತ್ತದೆ, ಕೋಣೆಯೂ ಸಿಗುವುದಿಲ್ಲ.

ಹೊಸಪೇಟೆಯಿಂದ: ಭಾನುವಾರ ಏಳಕ್ಕೆ ಬಾದಾಮಿ ಬಿಟ್ಟರೆ ಹನ್ನೊಂದರ ಆಸುಪಾಸು ಕಮಲಾಪುರ. ಟ್ಯಾಕ್ಸಿಯವರು ಖಾಲಿ ಹಿಂದಿರುಗುವ ದೂರಕ್ಕೂ ಹಣ ಕೇಳುತ್ತಾರೆ, ಮೊದಲೇ ಮಾತಾಡಿಕೊಳ್ಳಿ.

ಹೆಚ್ಚಿನವರು ಎಡವುವುದು ಟಿಕೆಟ್‌ನಲ್ಲಿ. ವಿಠ್ಠಲ ದೇವಾಲಯ, ಕಮಲ ಮಹಲ್ ಇರುವ ಜನಾನಾ ಆವರಣ, ಕಮಲಾಪುರದ ಸಂಗ್ರಹಾಲಯ ಮೂರಕ್ಕೂ ಒಂದೇ ಟಿಕೆಟ್, ಅದು ಅದೇ ದಿನಕ್ಕೆ ಮಾತ್ರ. ಭಾನುವಾರ ಮಧ್ಯಾಹ್ನ ಕಮಲ ಮಹಲ್‌ಗೆ ಕೊಂಡರೆ ಸೋಮವಾರ ವಿಠ್ಠಲಕ್ಕೆ ಮತ್ತೆ ಕೊಳ್ಳಬೇಕು. ಆದ್ದರಿಂದ ಭಾನುವಾರ ಟಿಕೆಟ್ ಬೇಡದ ಜಾಗಗಳು: ಮಹಾನವಮಿ ದಿಬ್ಬ, ಪುಷ್ಕರಣಿ, ಹಜಾರ ರಾಮ, ಉಗ್ರ ನರಸಿಂಹ, ಬಡವಿಲಿಂಗ. ಸೂರ್ಯಾಸ್ತಕ್ಕೆ ಹೇಮಕೂಟ, ಅಗಲ ಬಂಡೆಯ ಹಾಸು, ಅಮ್ಮನೂ ನಿಧಾನವಾಗಿ ಏರಬಹುದು. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಗೇಟಿನ ಬಳಿ ನೆಟ್‌ವರ್ಕ್ ಕೈಕೊಡುತ್ತದೆ, ಆನ್‌ಲೈನ್ ಟಿಕೆಟ್ ಕೋಣೆಯಲ್ಲೇ ತೆಗೆದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಸೋಮವಾರ ಮಾತಂಗ ಬೆಟ್ಟ. ಸೂರ್ಯ ಹುಟ್ಟುವುದು ಆರೂವರೆ ದಾಟಿದ ಮೇಲೆ. ಐದೂ ಮುಕ್ಕಾಲಿಗೆ ಬುಡದಲ್ಲಿರಿ, ಹತ್ತಲು ಮುಕ್ಕಾಲು ಗಂಟೆ. ತಲೆಗೆ ಕಟ್ಟುವ ಟಾರ್ಚ್ ಬೇಕು, ಬಂಡೆ ಹಿಡಿಯಲು ಎರಡೂ ಕೈ ಖಾಲಿ ಇರಬೇಕು. ಈ ಗುಡ್ಡಗಳಲ್ಲಿ ಚಿರತೆ, ಕರಡಿ ಓಡಾಡುತ್ತವೆ. ಮಕ್ಕಳಿರುವುದರಿಂದ ಕತ್ತಲಲ್ಲಿ ಸ್ಥಳೀಯ ಗೈಡ್ ಇಲ್ಲದೆ ಹೊರಡಬೇಡಿ.

ಇಳಿದ ಮೇಲೆ ಕೋಣೆಗೆ ಮರಳಬೇಡಿ. ಅಚ್ಯುತರಾಯ ಗುಡಿ, ಅದರ ಮುಂದಿನ ಬಜಾರು, ಹೊಳೆದಂಡೆ, ತುಲಾಭಾರದ ಕಮಾನು ದಾಟಿದರೆ ವಿಠ್ಠಲ ದೇವಾಲಯ. ಎಂಟೂವರೆಗೆ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರುತ್ತೀರಿ. ವಾಹನದಲ್ಲಿ ಬರುವವರು ಕಮಲಾಪುರದ ಕಡೆಯಿಂದ ಸುತ್ತಿ, ಒಂದು ಕಿಲೋಮೀಟರ್ ಆಚೆ ನಿಲ್ಲಿಸಿ, ಬ್ಯಾಟರಿ ಗಾಡಿಗೆ ಸಾಲು ನಿಲ್ಲಬೇಕು. ನಡೆದು ಬಂದವರಿಗೆ ಆ ಸಾಲೇ ಇಲ್ಲ. ಅಪ್ಪ ಅಮ್ಮ ಎಂಟಕ್ಕೇ ಕಾರಿನಲ್ಲಿ ಬಂದು ಮೊದಲ ಗಾಡಿ ಹಿಡಿದರೆ ಎಲ್ಲರೂ ಒಟ್ಟಿಗೆ ಒಳಹೋಗಬಹುದು. ಸಪ್ತಸ್ವರದ ಕಂಬಗಳನ್ನು ತಟ್ಟುವುದು ನಿಷಿದ್ಧ, ಮಕ್ಕಳಿಗೆ ಮೊದಲೇ ಹೇಳಿ. ಆ ಕಲ್ಲು ಈಗಾಗಲೇ ಸಾಕಷ್ಟು ಸವೆದಿದೆ.

ಗಂಗಾವತಿಯಿಂದ: ಆನೆಗೊಂದಿ ಈ ಸಲ ಬಿಡಿ. ಅಂಜನಾದ್ರಿಗೆ 575 ಮೆಟ್ಟಿಲು, ಮಾತಂಗ ಹತ್ತಿದ ದಿನವೇ ಮಕ್ಕಳಿಗೂ ಹೆಚ್ಚಾಗುತ್ತದೆ. ತೆಪ್ಪದಲ್ಲಿ ದಾಟುವ ಆಸೆಯಿದ್ದರೆ ತಳವಾರಘಟ್ಟದಲ್ಲಿ ಆ ದಿನ ನಡೆಯುತ್ತಿದೆಯೇ ಎಂದು ಕೇಳಿಕೊಳ್ಳಿ. ಅಣೆಕಟ್ಟೆಯಿಂದ ನೀರು ಬಿಟ್ಟಾಗ ನಿಲ್ಲಿಸುತ್ತಾರೆ. ಮಳೆಗಾಲದಲ್ಲಿ ಬರುವವರು ಗಮನಿಸಿ: ಪುರಂದರ ಮಂಟಪ ಮುಳುಗುವಷ್ಟು ಹೊಳೆ ಏರಿದರೆ ಮೇಲೆ ಹೇಳಿದ ದಂಡೆಯ ಕಾಲುದಾರಿಗೂ ನೀರು ಬರುತ್ತದೆ.

ಬಾದಾಮಿ ಕಡೆಯಿಂದ, ಮತ್ತ: ಸಾಲಿ ಮಕ್ಕಳ ಗದ್ದಲದ ಮಾತು ಖರೇ ಅದ, ಗುಹಾ ಮೂರರ ಮ್ಯಾಲೇ ನೋಡ್ರಿ. ಆದ್ರ ಟಿಕೆಟ್ ಕೊಡೂದು ಸಂಜಿ ಲಗೂ ನಿಲ್ಲಸ್ತಾರ, ನಾಕರ ಮ್ಯಾಲ ತಡಾ ಮಾಡಬ್ಯಾಡ್ರಿ. ನೀರ ಒಬ್ಬೊಬ್ಬರಿಗೆ ಎರಡು ಲೀಟರ್ ಇರಲಿ, ಕ್ವಾಟಿ ಮ್ಯಾಲ ಏನೂ ಸಿಗೂದಿಲ್ಲ.