ಕೇರಂ ಸ್ಟ್ರೈಕರ್ ತನ್ನ ಶಕ್ತಿಯನ್ನೆಲ್ಲ ಕಾಯಿನ್‌ಗೆ ಏಕೆ ಕೊಡುವುದಿಲ್ಲ?

ಪ್ರಶ್ನೆ
ಒಂದೇ ತೂಕದ ಎರಡು ಗೋಲಿಗಳು ನೇರವಾಗಿ ಡಿಕ್ಕಿ ಹೊಡೆದರೆ ಬಂದದ್ದು ನಿಲ್ಲುತ್ತದೆ, ನಿಂತದ್ದು ಅದೇ ವೇಗದಲ್ಲಿ ಹೊರಡುತ್ತದೆ ಎಂದು ಒಂಬತ್ತನೆಯ ತರಗತಿಯಲ್ಲಿ ಪಾಠ ಮಾಡುವಾಗ, ಕೇರಂನಲ್ಲಿ ಹಾಗಾಗುವುದಿಲ್ಲವಲ್ಲ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಸ್ಟ್ರೈಕರ್ ಬಡಿದ ಮೇಲೂ ಕಾಯಿನ್‌ನ ಹಿಂದೆಯೇ ಸಾಗಿ, ಎಷ್ಟೋ ಸಲ ತಾನೂ ಪಾಕೆಟ್‌ಗೆ ಬೀಳುವುದು ನಿಜ. ಇದಕ್ಕೆ ಘರ್ಷಣೆ ಕಾರಣವೇ?

ಉತ್ತರ 1
ಘರ್ಷಣೆಯಲ್ಲ, ಅದು ಸ್ಟ್ರೈಕರನ್ನು ಇನ್ನೂ ಬೇಗ ನಿಲ್ಲಿಸುತ್ತಿತ್ತು. ಕಾರಣವಿರುವುದು ತೂಕದಲ್ಲಿ: ಸ್ಟ್ರೈಕರ್ ಸುಮಾರು 15 ಗ್ರಾಂ, ಕಾಯಿನ್ ಸುಮಾರು 5 ಗ್ರಾಂ. ಒಟ್ಟು ಸಂವೇಗವೂ ಒಟ್ಟು ಚಲನ ಶಕ್ತಿಯೂ ಬದಲಾಗಬಾರದೆಂದರೆ, ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಬಂದ ಸ್ಟ್ರೈಕರ್ ಡಿಕ್ಕಿಯ ನಂತರ 1 ಮೀಟರ್ ವೇಗದಲ್ಲಿಯೂ ಕಾಯಿನ್ 3 ಮೀಟರ್ ವೇಗದಲ್ಲಿಯೂ ಸಾಗಲೇಬೇಕು. ವೇಗ ಅರ್ಧವಾದಾಗ ಚಲನ ಶಕ್ತಿ ಕಾಲು ಭಾಗವಾಗುವುದರಿಂದ, 30 ಮಿಲಿಜೂಲ್‌ನಲ್ಲಿ 7.5 ಸ್ಟ್ರೈಕರ್‌ನಲ್ಲೇ ಉಳಿದು 22.5 ಕಾಯಿನ್‌ಗೆ ಸೇರುತ್ತದೆ.

ಉತ್ತರ 2
ಲೆಕ್ಕ ಸರಿಯಾಗಿದೆ, ಆದರೆ ಶಕ್ತಿ ದಾಟುವ ಬಗೆಯನ್ನೂ ಮಕ್ಕಳಿಗೆ ಹೇಳಬೇಕು. ತಾಗಿದ ಕ್ಷಣದಲ್ಲಿ ಎರಡರ ಅಂಚುಗಳೂ ಕಣ್ಣಿಗೆ ಕಾಣದಷ್ಟು ಅದುಮಿಕೊಳ್ಳುತ್ತವೆ. ಚಲನ ಶಕ್ತಿಯ ಒಂದು ಪಾಲು ಆ ಅದುಮಿನಲ್ಲಿ ಸಂಗ್ರಹವಾಗಿ, ಅಂಚುಗಳು ಮೊದಲಿನ ಆಕಾರಕ್ಕೆ ಮರಳುವಾಗ ಮತ್ತೆ ಚಲನೆಯಾಗುತ್ತದೆ. ಎರಡರ ಮೇಲೂ ಬೀಳುವ ಬಲ ಸಮನಾಗಿದ್ದರೂ, ಅದು ಸ್ಟ್ರೈಕರ್‌ನ ಚಲನೆಗೆ ಎದುರಾಗಿ, ಕಾಯಿನ್‌ನ ಚಲನೆಗೆ ಜೊತೆಯಾಗಿ ಕೆಲಸ ಮಾಡುತ್ತದೆ. ಸಂಗ್ರಹವಾದದ್ದೆಲ್ಲ ಮರಳುವುದಿಲ್ಲ: ಒಂದಿಷ್ಟು ‘ಟಕ್’ ಎಂಬ ಸದ್ದಾಗಿ, ಒಂದಿಷ್ಟು ಶಾಖವಾಗಿ ಹೋಗುತ್ತದೆ. ಆದ್ದರಿಂದ ನಿಜವಾದ ಬೋರ್ಡಿನಲ್ಲಿ ಕಾಯಿನ್‌ನ ವೇಗ 3 ಮೀಟರಿಗಿಂತ ಕಡಿಮೆ, ಸ್ಟ್ರೈಕರ್‌ನದು 1 ಮೀಟರಿಗಿಂತ ತುಸು ಹೆಚ್ಚು.

ಪ್ರಶ್ನೆ ಕೇಳಿದವರು
ಧನ್ಯವಾದಗಳು. ಹಾಗಾದರೆ 5 ಗ್ರಾಂನ ಸ್ಟ್ರೈಕರ್ ಇದ್ದರೆ ಆಟಕ್ಕೆ ಇನ್ನೂ ಒಳ್ಳೆಯದಲ್ಲವೇ?

ಉತ್ತರ 3
ಇಲ್ಲ ಸರ್. ಆಗ ಶಕ್ತಿಯೆಲ್ಲ ಕಾಯಿನ್‌ಗೆ ಹೋಗುತ್ತದೆ, ಆದರೆ ಅದೇ 2 ಮೀಟರ್ ವೇಗದಲ್ಲಿ ಆ ಹಗುರ ಸ್ಟ್ರೈಕರ್ ತಂದಿರುವುದೇ 10 ಮಿಲಿಜೂಲ್. ಆಟಗಾರನಿಗೆ ಬೇಕಾದದ್ದು ಮೊತ್ತ, ಪಾಲಲ್ಲ.

ಪಾಲೇ ಮುಖ್ಯವಾಗುವುದು ನ್ಯೂಟ್ರಾನಿನ ವೇಗ ತಗ್ಗಿಸಬೇಕಾದಾಗ. ಕೈಗಾದ ಪರಮಾಣು ರಿಯಾಕ್ಟರ್‌ಗಳಲ್ಲಿ ಈ ಕೆಲಸಕ್ಕೆ ಭಾರಜಲವಿದೆ, ಅಂದರೆ ಸಾದಾ ಹೈಡ್ರೋಜನ್ ಬದಲು ಅದರ ಭಾರವಾದ ರೂಪ ಡ್ಯೂಟೀರಿಯಂ ಇರುವ ನೀರು. ನ್ಯೂಟ್ರಾನ್ ತನ್ನ ಎರಡರಷ್ಟು ತೂಕದ ಡ್ಯೂಟೀರಿಯಂ ನ್ಯೂಕ್ಲಿಯಸ್‌ಗೆ ನೇರವಾಗಿ ಬಡಿದರೆ ಒಂದೇ ಡಿಕ್ಕಿಯಲ್ಲಿ ಶೇ 89ರಷ್ಟು ಶಕ್ತಿಯನ್ನು ಬಿಟ್ಟುಕೊಡುತ್ತದೆ. ಯುರೇನಿಯಂ ನ್ಯೂಕ್ಲಿಯಸ್‌ಗೆ ಬಡಿದು ಹಿಂದಕ್ಕೆ ಪುಟಿದರೆ ಶೇ 2ರಷ್ಟನ್ನೂ ಬಿಡುವುದಿಲ್ಲ. ಸಾದಾ ನೀರಿನ ಹೈಡ್ರೋಜನ್‌ನ ತೂಕ ನ್ಯೂಟ್ರಾನಿಗೆ ಹೆಚ್ಚುಕಡಿಮೆ ಸಮವಾದರೂ ಅದು ನ್ಯೂಟ್ರಾನನ್ನೇ ಹೀರಿಕೊಳ್ಳುವ ಸಂಭವ ಹೆಚ್ಚು, ಆದ್ದರಿಂದ ನೈಸರ್ಗಿಕ ಯುರೇನಿಯಂ ಇಂಧನಕ್ಕೆ ಅದು ಒಗ್ಗುವುದಿಲ್ಲ.

ಉತ್ತರ 4
ಇವೆಲ್ಲ ನೇರ ಹೊಡೆತದ ಲೆಕ್ಕಗಳು. ಕಟ್ ಹೊಡೆತದಲ್ಲಿ ಸ್ಟ್ರೈಕರ್ ಬಂದ ದಾರಿಗೂ ಎರಡರ ಕೇಂದ್ರಗಳನ್ನು ಸೇರಿಸುವ ಗೆರೆಗೂ 60 ಡಿಗ್ರಿ ಕೋನವಿದ್ದರೆ, ನೇರ ಹೊಡೆತದಲ್ಲಿ ಸಿಗುತ್ತಿದ್ದ ಶಕ್ತಿಯ ಕಾಲು ಭಾಗ ಮಾತ್ರ ಕಾಯಿನ್‌ಗೆ ಸಿಗುತ್ತದೆ. ಸ್ಟ್ರೈಕರ್ ಹೆಚ್ಚಾಗಿ ಪಾಕೆಟ್‌ಗೆ ಬೀಳುವುದು ಯಾವ ಹೊಡೆತದಲ್ಲಿ ಎಂದು ಆ ವಿದ್ಯಾರ್ಥಿನಿಯನ್ನೇ ಕೇಳಿ ನೋಡಿ.