ಕಳಚುವ ಫೈಬರ್ ಟಾಪ್ ಒಳಗೆ ಏನಾದ್ರೂ ಕೂರಿಸಬೇಕಾ? ಇಲ್ಲಿ ಕೇಳಿ

ಫೈಬರ್ ಮೇಷ್ಟ್ರು: ದೋಣಿ ಮತ್ತು ಗಾಡಿ ಟಾಪ್‌ಗಳ ಫೈಬರ್‌ಗ್ಲಾಸ್ ರಿಪೇರಿ ನನ್ನ ಕಸುಬು. ಹಾರ್ಡ್‌ಟಾಪ್, ಅಂದರೆ ಗಾಡಿಯ ಕಳಚಬಹುದಾದ ಗಟ್ಟಿ ಚಾವಣಿ, ಅದರ ಒಳಗೆ ಬಲೆ, ಪೌಚ್, ಶೆಲ್ಫ್ ಹಾಕುವ ಬಗ್ಗೆ ಕೇಳಿ. ಬಿಡುವಾದಾಗ ಬರೆಯುತ್ತೇನೆ.

ಹಿಂದಿನ ಸೀಟು: ಟಾರ್ಚ್, ಕೈಗವಸು ಇಡೋಕೆ ಚಿಕ್ಕ ಬಲೆ ಸಾಕು. ಎರಡೂ ಕಡೆ ಅಂಟುವ ಫೋಮ್ ಟೇಪ್ ತಡೆಯುತ್ತಾ ಸರ್?

ಫೈಬರ್ ಮೇಷ್ಟ್ರು: ತಡೆಯುತ್ತದೆ. ಆದರೆ ಒಳಮೈ ಒರಟಾಗಿದ್ದರೆ ಟೇಪ್ ಉಬ್ಬುಗಳನ್ನು ಮಾತ್ರ ಹಿಡಿಯುತ್ತದೆ. ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ ಮಟ್ಟ ಮಾಡಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಅಕ್ರಿಲಿಕ್ ಫೋಮ್ ಟೇಪನ್ನು ಗಟ್ಟಿಯಾಗಿ ಒತ್ತಿ. 72 ಗಂಟೆ ಏನೂ ನೇತುಹಾಕಬೇಡಿ. ಅಲುಗಾಡದ ಭಾರಕ್ಕೆ ಕಿಲೋಗೆ ಸುಮಾರು 55–60 ಚದರ ಸೆಂ.ಮೀ. ಟೇಪ್ ಬೇಕು. ಓಡುವ ಗಾಡಿ ಅಂದ್ರೆ ನಾನು ಅದರ ಮೂರು ಪಟ್ಟು ಹಾಕುತ್ತೇನೆ. ಹೆಡ್‌ಲೈನರ್, ಅಂದರೆ ಚಾವಣಿ ಒಳಗೆ ಹೊದಿಸಿದ ಬಟ್ಟೆ ಮೇಲೆ ಅಂಟಿಸಿದರೆ ಬಟ್ಟೆ ಸಮೇತ ಕಿತ್ತು ಬರುತ್ತದೆ.

ವೈರ್ ಗಂಟು: ಒಳಗೆ ಲೈಟ್ ಇರುವ ಶೆಲ್ಫ್ ಹಾಕಿದರೆ, ಟಾಪ್ ಕಳಚುವಾಗ ವೈರ್ ಏನು ಮಾಡೋದು?

ಕೆಸರು ಚಕ್ರ: ನಾನು ಆಗಲೇ ಹಾಕಿಬಿಟ್ಟಿದ್ದೇನೆ. ಹಿಂದಿನ ಸೀಟಿನ ಮೇಲೆ ಮರದ ಶೆಲ್ಫ್, ಆರು ಸೆಲ್ಫ್ ಟ್ಯಾಪಿಂಗ್ ಸ್ಕ್ರೂ. ಕಂಪ್ರೆಸರ್, ಹಗ್ಗ, ಜ್ಯಾಕ್ ಎಲ್ಲಾ ಸೇರಿ 9 ಕೆಜಿ. ಮೂರು ತಿಂಗಳು ಚೆನ್ನಾಗಿತ್ತು. ಈಗ ಎರಡು ಸ್ಕ್ರೂ ಸುಮ್ನೆ ತಿರುಗುತ್ತಿವೆ. ಹೊರಗಡೆ ನಕ್ಷತ್ರದ ಥರ ಗೆರೆ ಬಿಟ್ಟಿದೆ, ಮಳೆ ಬಂದಾಗ ಕಂದು ನೀರು ತೊಟ್ಟಿಕ್ಕಿತು. ಇನ್ನೂ ಉದ್ದದ ಸ್ಕ್ರೂ ಹಾಕಲಾ?

ಫಾರ್ವರ್ಡ್ ಮಿತ್ರ: ಸೂಪರ್ ಗ್ಲೂ ಮೇಲೆ ಅಡುಗೆ ಸೋಡಾ ಉದುರಿಸಿ, ಕಲ್ಲಿನ ಥರ ಆಗುತ್ತೆ! ಎಲ್ಲರಿಗೂ ಹಂಚಿ 🙏

ಫೈಬರ್ ಮೇಷ್ಟ್ರು: ಕೆಸರು ಚಕ್ರ ಅವರೇ, ಮೊದಲು ಸಾಮಾನು ಕೆಳಗಿಳಿಸಿ. ಆಮೇಲೆ ಮುಂದೆ ಓದಿ.

ಫೈಬರ್‌ಗ್ಲಾಸ್ ಅಂದರೆ ಗಾಜಿನ ಎಳೆ ಮತ್ತು ಅದನ್ನು ಹಿಡಿದಿಡುವ ರೆಸಿನ್ ಅನ್ನುವ ಗಟ್ಟಿ ಅಂಟು. ತಗಡಿನಲ್ಲಿ ಹಿಡಿದ ಹಾಗೆ ಇದರಲ್ಲಿ ಸ್ಕ್ರೂವಿನ ಹಲ್ಲು ಹಿಡಿಯುವುದಿಲ್ಲ. ಪ್ರತಿ ಕುಲುಕಿಗೂ ಹಲ್ಲಿನ ಸುತ್ತ ಪುಡಿಯಾಗುತ್ತಾ ಹೋಗುತ್ತದೆ. ನಿಮ್ಮ ಸ್ಕ್ರೂ ತಿರುಗುತ್ತಿರುವುದು ಅದಕ್ಕೇ. ಉದ್ದದ್ದು ಹಾಕಿದರೆ ಟಾಪ್ ತೂತಾಗಿ ಆಚೆ ಬರುತ್ತದೆ, ಅಷ್ಟೇ. ಹೊರಗಿನ ಜೆಲ್‌ಕೋಟ್ ಅರ್ಧ ಮಿಲಿಮೀಟರ್ ಆಸುಪಾಸು ದಪ್ಪದ ಪೆಡಸು ಪದರ. ಒಳಗಿನಿಂದ ಒಂದೇ ಜಾಗದಲ್ಲಿ ಒತ್ತಡ ಬಿದ್ದರೆ ಅದು ನಕ್ಷತ್ರದ ಥರಾನೇ ಸೀಳುತ್ತದೆ. ನನ್ನ ನಿಜವಾದ ಚಿಂತೆ ಆ ಕಂದು ನೀರು. ಸ್ಕ್ರೂ ತುಕ್ಕು ಇರಬಹುದು. ಆದರೆ ಕೆಲವು ಟಾಪ್‌ಗಳಲ್ಲಿ ಎರಡು ಪದರದ ನಡುವೆ ಬಾಲ್ಸಾ ಮರ ಅಥವಾ ಪ್ಲೈವುಡ್ ಇರುತ್ತದೆ, ನೀರು ಹೊಕ್ಕರೆ ಅದು ಒಳಗೊಳಗೇ ಕೊಳೆಯುತ್ತದೆ. ನಾಣ್ಯದಲ್ಲಿ ತಟ್ಟುತ್ತಾ ಹೋಗಿ. ಟಣ್ ಅಂದರೆ ಸರಿ, ಮಂಕಾಗಿ ಡಬ್ ಅಂದರೆ ಪದರ ಬಿಟ್ಟಿದೆ. ಎಲ್ಲಿಂದ ಎಲ್ಲಿಗೆ ಅಂತ ಪೆನ್ಸಿಲ್ ಗುರುತು ಹಾಕಿ.

ಇನ್ನೊಂದು ಮಾತು. 9 ಕೆಜಿಗೆ ಅಪಘಾತದಲ್ಲಿ 20 ಜಿ (ತನ್ನ ತೂಕದ 20 ಪಟ್ಟು) ಹೊಡೆತ ಬಿದ್ದರೆ ಅದು 180 ಕೆಜಿ ಎಳೆದ ಹಾಗೆ. ಕೆಳಗೆ ಯಾರದ್ದೋ ತಲೆ ಇರುತ್ತದೆ ಅಲ್ವಾ? ಭಾರದ ಸಾಮಾನಿಗೆ ಜಾಗ ನೆಲ, ಇಲ್ಲವೇ ರೋಲ್ ಬಾರ್ (ಗಾಡಿ ಮಗುಚಿದರೆ ಒಳಗಿದ್ದವರನ್ನು ಕಾಯುವ ಲೋಹದ ಕಮಾನು). ಸೈಡ್ ಕರ್ಟನ್ ಏರ್‌ಬ್ಯಾಗ್ (ಕಿಟಕಿ ಮೇಲಿನಿಂದ ಪರದೆ ಥರ ಇಳಿಯುವ ಗಾಳಿಚೀಲ) ಇದ್ದರೆ ಅದು ಬಿಚ್ಚಿಕೊಳ್ಳುವ ದಾರಿಯಲ್ಲಿ ಏನೂ ಇರಬಾರದು.

ಸೋಡಾ ಮಿತ್ರರೇ, ಕಲ್ಲಾಗುತ್ತದೆ, ಹೌದು. ಕುಲುಕಿದರೆ ಕಲ್ಲಿನ ಹಾಗೇ ಒಡೆಯುತ್ತದೆ ಕೂಡ.

ಹೊಸ ಗಾಡಿ: ಸರ್ ಪೌಚ್‌ಗೆ ಟೇಪ್ ಸಾಕಾ?

ಫೈಬರ್ ಮೇಷ್ಟ್ರು: ಮೇಲೆ ಹೇಳಿದ್ದೇನೆ.

ಸ್ಪ್ಯಾನರ್ 14: ಇಷ್ಟೆಲ್ಲ ಯಾಕೆ? ಆರಪಾರ ಬೋಲ್ಟ್, ಒಳಗೂ ಹೊರಗೂ ದೊಡ್ಡ ವಾಷರ್, ಮುಗೀತು.

ತೂತು ಬೇಡ: ಚೆನ್ನಾಗಿರೋ ಟಾಪ್‌ಗೆ ತೂತು ಹೊಡೆಯೋರಿಗೆ ಗಾಡಿ ಯಾಕೆ ಬೇಕು? ರೋಲ್ ಬಾರ್‌ಗೆ ಪಟ್ಟಿ ಕಟ್ಟಿ.

ಸ್ಪ್ಯಾನರ್ 14: ಪಟ್ಟಿ ರಾತ್ರಿಯಿಡೀ ಕಿರುಗುಟ್ಟುತ್ತೆ. ನೀವು ಗಾಡಿ ಓಡಿಸ್ತೀರೋ, ತೊಳೆದು ಇಡ್ತೀರೋ?

ತೂತು ಬೇಡ: ನನ್ನ ಟಾಪ್ ಸೋರಲ್ಲ. ನಿಮ್ಮದು?

ಸ್ಪ್ಯಾನರ್ 14: ಒಂದೇ ಒಂದು ಸಲ ಸೋರಿತ್ತು, ಸಿಲಿಕೋನ್ ಹಚ್ಚಿದೆ.

ಫೈಬರ್ ಮೇಷ್ಟ್ರು: ಅಯ್ಯೋ. ಸಿಲಿಕೋನ್ ಹಚ್ಚಿದ ಜಾಗದಲ್ಲಿ ಆಮೇಲೆ ಪೇಂಟೂ ಹಿಡಿಯುವುದಿಲ್ಲ, ಎಪಾಕ್ಸಿಯೂ (ಎರಡು ಭಾಗ ಬೆರೆಸಿ ಹಚ್ಚುವ ಗಟ್ಟಿ ಅಂಟು) ಹಿಡಿಯುವುದಿಲ್ಲ. ಪಾಲಿಯುರೆಥೇನ್ ಸೀಲಂಟ್ ಬಳಸಿ. ಬೋಲ್ಟ್ ತಪ್ಪಲ್ಲ. ಆದರೆ ನಡುವೆ ಮರ ಇದ್ದರೆ ತೂತನ್ನು ದೊಡ್ಡದು ಮಾಡಿ, ಗಟ್ಟಿ ಎಪಾಕ್ಸಿ ತುಂಬಿ, ಅದರ ಮಧ್ಯೆ ಮತ್ತೆ ಕೊರೆಯಬೇಕು. ತೂತೇ ಬೇಡ ಅನ್ನುವವರಿಗೆ ಅಗಲ ತಲೆಯ ಸ್ಟಡ್ (ಬೋಲ್ಟ್ ಥರದ ಮೊಳೆ) ಸಿಗುತ್ತದೆ, ಎಪಾಕ್ಸಿಯಲ್ಲಿ ಒಳಮೈಗೆ ಅಂಟಿಸಬಹುದು. ಶೆಲ್ಫ್‌ನ ಒಂದು ತುದಿ ಟಾಪ್‌ಗೆ, ಇನ್ನೊಂದು ತುದಿ ರೋಲ್ ಬಾರ್‌ಗೆ ಅಂತ ಬಿಗಿಯಬೇಡಿ. ಎರಡೂ ಬೇರೆ ಬೇರೆ ಅಲುಗಾಡುತ್ತವೆ.

ತೂತು ಬೇಡ: ಕೇಳಿದ್ರಾ ಸ್ಪ್ಯಾನರ್?

ಸ್ಪ್ಯಾನರ್ 14: ಬೋಲ್ಟ್ ತಪ್ಪಲ್ಲ ಅಂತ ಬರೆದಿದ್ದಾರೆ. ಕನ್ನಡ ಬರುತ್ತಲ್ಲ?

ವೈರ್ ಗಂಟು: ನನ್ನ ಪ್ರಶ್ನೆ?

ಇಳಿಜಾರು: ಟೇಪ್ ಯಾವುದು ಒಳ್ಳೇದು?

ಫೈಬರ್ ಮೇಷ್ಟ್ರು: ಮೇಲೆ.

ಫಾರ್ವರ್ಡ್ ಮಿತ್ರ: ಹಾಟ್ ಗ್ಲೂ ಗನ್ ವಿಡಿಯೊ ನೋಡಿ, ಸೂಪರ್ 👌

ಫೈಬರ್ ಮೇಷ್ಟ್ರು: ಬಿಸಿಲಿಗೆ ನಿಂತ ಕಪ್ಪು ಟಾಪ್ ಮುಟ್ಟಿ ನೋಡಿದ್ದೀರಾ? ಹಾಟ್ ಗ್ಲೂ ಅಲ್ಲೇ ಮೆತ್ತಗಾಗುತ್ತದೆ. ಆ ವಿಡಿಯೊ ನೋಡಿ ಯಾರೋ ತಲೆ ಮೇಲೆ ಟೂಲ್ ಬಾಕ್ಸ್ ಅಂಟಿಸುತ್ತಾರೆ. ಇನ್ನೊಮ್ಮೆ ಹಾಕಿದರೆ ಅಳಿಸುತ್ತೇನೆ.

ಫಾರ್ವರ್ಡ್ ಮಿತ್ರ: ಒಳ್ಳೇದಕ್ಕೆ ಕಾಲ ಇಲ್ಲ.

ಕೆಸರು ಚಕ್ರ: ಸಾಮಾನು ಇಳಿಸಿದೆ. ತಟ್ಟಿದೆ. ಎರಡು ಸ್ಕ್ರೂ ಮಧ್ಯೆ ಒಂದೂವರೆ ಗೇಣಿನಷ್ಟು ಡಬ್ ಡಬ್ ಅನ್ನುತ್ತಿದೆ. ತಿರುಗುತ್ತಿದ್ದ ಸ್ಕ್ರೂ ಎಳೆದಾಗ ಒದ್ದೆ ಮರದ ಚೂರು ಬಂತು.

ಫೈಬರ್ ಮೇಷ್ಟ್ರು: ಹಾಗಾದರೆ ಕೊಳೆತಿದೆ. ಹೊರಗಿನಿಂದ ಏನೂ ಮೆತ್ತಬೇಡಿ, ನೀರು ಒಳಗೇ ಉಳಿಯುತ್ತದೆ. ಇಬ್ಬರು ಸೇರಿ ಟಾಪ್ ಕಳಚಿ, ಮಳೆ ಬೀಳದ ಕಡೆ ಬೋರಲು ಬಿಡದೆ ಒಳಮೈ ಮೇಲೆ ಮಾಡಿ ಇಡಿ. ಉಳಿದ ನಾಲ್ಕು ಸ್ಕ್ರೂ ತೆಗೆದು ಒಣಗಲು ಬಿಡಿ. ಒಳಪದರ ಕತ್ತರಿಸಿ ಮರ ಬದಲಿಸಬೇಕು. ಆ ಪುಡಿ ಶ್ವಾಸಕೋಶಕ್ಕೆ ಒಳ್ಳೇದಲ್ಲ, ಮಾಸ್ಕ್ ಇಲ್ಲದೆ ಕತ್ತರಿಸಲು ಹೋಗಬೇಡಿ. ಪೆನ್ಸಿಲ್ ಗುರುತಿನ ಫೋಟೊ ಹಾಕಿ, ಪಕ್ಕದಲ್ಲಿ ಅಳತೆ ಪಟ್ಟಿ ಇರಲಿ.